ಸ್ಯಾಂಪ್ಲರ್ ಇರಲಿ, ಜಿಪ್ ಡ್ರೈವ್ ಬೇಡ

ಅಕಾಯ್ ಎಸ್3000ಎಕ್ಸ್‌ಎಲ್, ಎಂಪಿಸಿ2000ಎಕ್ಸ್‌ಎಲ್ ಥರದ ಹಳೆಯ ಸ್ಯಾಂಪ್ಲರ್‌ಗಳನ್ನು ಹುಡುಕಿ ಕೊಂಡು ಲೈವ್ ಪ್ರೋಗ್ರಾಮ್‌ಗೆ ತರುವ ಹುಡುಗರು ಇತ್ತೀಚೆಗೆ ನನಗೆ ಆಗಾಗ ಸಿಗುತ್ತಾರೆ. ನೋಡಿದರೆ ತುಂಬಾ ಖುಷಿಯಾಗುತ್ತದೆ. ಆದರೆ ಅದರ ಜೊತೆಗೆ ಸದ್ದುಗಳನ್ನು ತುಂಬಿಡುವ ಹಳೆಯ ಜಿಪ್ ಡ್ರೈವ್, ಒಂದು ಡಬ್ಬಿ ಫ್ಲಾಪಿ ಡಿಸ್ಕ್, ಡ್ರೈವನ್ನು ಯಂತ್ರಕ್ಕೆ ಜೋಡಿಸುವ ದಪ್ಪ ಸ್ಕಜಿ (SCSI) ಕೇಬಲ್, ಎಲ್ಲವನ್ನೂ ಹೊತ್ತು ತರುತ್ತಾರೆ. ಹಳೆಯದು ಅಂದಮೇಲೆ ಪೂರ್ತಿ ಹಳೆಯದೇ ಇರಬೇಕು ಅನ್ನುವುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಸ್ಯಾಂಪ್ಲರ್ ವೇದಿಕೆಗೆ ಬರಲಿ. ಹಳೆಯ ಡಿಸ್ಕ್ ಮನೆಯಲ್ಲಿರಲಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಯಂತ್ರ ನೋಡದವರಿಗೆ ಎರಡು ಮಾತು. ಯಾವುದೇ ಸದ್ದನ್ನು ರೆಕಾರ್ಡ್ ಮಾಡಿ ಕೀಬೋರ್ಡಿನ ಕೀ ಮೇಲೋ ಪ್ಯಾಡಿನ ಮೇಲೋ ಕೂರಿಸಿ ನುಡಿಸಲು ಬಿಡುವುದು ಸ್ಯಾಂಪ್ಲರ್ ಕೆಲಸ. 1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ತಂದ ಫೇರ್‌ಲೈಟ್ ಸ್ಯಾಂಪ್ಲರ್ ಶ್ರೀಮಂತ ಸ್ಟುಡಿಯೋಗಳಿಗೆ ಮಾತ್ರ ಎಟುಕುತ್ತಿತ್ತು. 1988ರಲ್ಲಿ ಅಕಾಯ್ ಎಸ್1000 ಬಂತು. 16 ಬಿಟ್, 44.1 ಕಿಲೋಹರ್ಟ್ಸ್, ಸ್ಟೀರಿಯೋ. ಅಂದರೆ ಸಿಡಿ ಗುಣಮಟ್ಟದ ಸದ್ದು ರ‍್ಯಾಕ್‌ನಲ್ಲಿ ಕೂರುವ ಒಂದು ಪೆಟ್ಟಿಗೆಗೆ ಬಂತು. ಅದೇ ವರ್ಷ ರೋಜರ್ ಲಿನ್ ರೂಪಿಸಿದ ಎಂಪಿಸಿ60 ಕೂಡ ಬಂತು. ಹತ್ತು ಹನ್ನೆರಡು ವರ್ಷ ಪ್ರಪಂಚದ ಎಷ್ಟೋ ಸಂಗೀತ ಇಂಥ ಪೆಟ್ಟಿಗೆಗಳಿಂದಲೇ ಹೊರಟಿತು.

ಲ್ಯಾಪ್‌ಟಾಪ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ವೇದಿಕೆಯ ಮಟ್ಟಿಗೆ ನನಗೆ ಮುಖ್ಯವಾದ ಕಾರಣ ಔಟ್‌ಪುಟ್‌ಗಳು. ಎಸ್3000ಎಕ್ಸ್‌ಎಲ್ ಹಿಂದೆ ಮುಖ್ಯ ಎಡ ಬಲದ ಜೊತೆಗೆ ಎಂಟು ಪ್ರತ್ಯೇಕ ಔಟ್‌ಪುಟ್ ಇವೆ. ಡೊಳ್ಳು ಒಂದರಲ್ಲಿ, ತಮಟೆ ಇನ್ನೊಂದರಲ್ಲಿ, ಕಂಸಾಳೆ ಮತ್ತೊಂದರಲ್ಲಿ. ಸೌಂಡ್‌ನವರು ಡೊಳ್ಳಿನ ಅಡಿಯ ಗುಮ್ ಅನ್ನುವ ಭಾಗವನ್ನು ಮಾತ್ರ ಏರಿಸಬಹುದು, ಉಳಿದದ್ದನ್ನು ಮುಟ್ಟಬೇಕಿಲ್ಲ. ಲ್ಯಾಪ್‌ಟಾಪಿನ ಸಣ್ಣ ಹೆಡ್‌ಫೋನ್ ತೂತಿನಿಂದ ಎಲ್ಲವನ್ನೂ ಒಟ್ಟಿಗೆ ಕಳಿಸಿದಾಗ ಆ ಅವಕಾಶವೇ ಇರುವುದಿಲ್ಲ. ಒಳ್ಳೆಯ ಆಡಿಯೋ ಇಂಟರ್‌ಫೇಸ್ ತಂದರೆ ಇದೇ ಕೆಲಸ ಆಗುತ್ತದೆ, ನಿಜ. ಆದರೆ ಮಧ್ಯದಲ್ಲಿ ಅಪ್‌ಡೇಟ್ ಕೇಳದ, ನೋಟಿಫಿಕೇಷನ್ ಬಾರದ, ಒಂದೇ ಕೆಲಸ ಮಾಡುವ ಯಂತ್ರದ ಮೇಲೆ ಕೈಯಿಟ್ಟಾಗ ಇರುವ ಧೈರ್ಯವೇ ಬೇರೆ.

ಇನ್ನೊಂದು ಕಾರಣ ಮೆಮರಿ ಕಡಿಮೆ ಇರುವುದು. ಇದು ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದು ಒಳ್ಳೆಯದೇ ಅನ್ನಿಸಿದೆ. 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಸೆಕೆಂಡ್ ಮೊನೊ ಸದ್ದಿಗೆ ಸುಮಾರು 88,000 ಬೈಟ್ ಬೇಕು. ಎಸ್1000 ಅಥವಾ ಎಸ್3000ಎಕ್ಸ್‌ಎಲ್‌ಗೆ 2 ಎಂಬಿ ಮೆಮರಿ ಇದ್ದರೆ ಬರೀ 24 ಸೆಕೆಂಡ್ ಹಿಡಿಯುತ್ತದೆ. ಪೂರ್ತಿ 32 ಎಂಬಿ ತುಂಬಿಸಿದರೂ ಮೊನೊದಲ್ಲಿ ಆರು ನಿಮಿಷ ಚಿಲ್ಲರೆ, ಸ್ಟೀರಿಯೋದಲ್ಲಿ ಮೂರು ನಿಮಿಷ. ಹಾಗಾಗಿ ಪ್ರತಿ ಸದ್ದನ್ನೂ ಯೋಚಿಸಿ ಆರಿಸಬೇಕು. ಸದ್ದಿನ ಬಾಲವನ್ನು ಎಲ್ಲಿ ಕತ್ತರಿಸಬೇಕು, ಯಾವುದು ಮೊನೊ ಸಾಕು, ಯಾವುದನ್ನು 22.05 ಕಿಲೋಹರ್ಟ್ಸ್‌ಗೆ ಇಳಿಸಿದರೂ ನಡೆಯುತ್ತದೆ. ಹೀಗೆ ಕೂತು ಮಾಡಿದ ಬ್ಯಾಂಕಿನಲ್ಲಿ, ಅಂದರೆ ಒಟ್ಟಿಗೆ ಲೋಡ್ ಮಾಡುವ ಸದ್ದುಗಳ ಗುಂಪಿನಲ್ಲಿ, ಬೇಡದ ಸದ್ದು ಒಂದೂ ಇರುವುದಿಲ್ಲ.

ಈ ಗಡಿಗಳಿಂದಲೇ ಹೊಸ ಸದ್ದು ಹುಟ್ಟಿದ್ದೂ ಉಂಟು. 1987ರಲ್ಲಿ ಬಂದ ಇ-ಮ್ಯೂ ಎಸ್‌ಪಿ-1200 ಸ್ಯಾಂಪ್ಲರ್‌ನಲ್ಲಿ ಒಟ್ಟು ಸಿಗುವುದು ಸುಮಾರು ಹತ್ತು ಸೆಕೆಂಡ್, ಅದೂ 12 ಬಿಟ್, 26.04 ಕಿಲೋಹರ್ಟ್ಸ್. ಅಮೆರಿಕದ ಹಿಪ್-ಹಾಪ್ ಮಂದಿ ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡಿದರು, ಆಮೇಲೆ ಯಂತ್ರದಲ್ಲಿ ಶ್ರುತಿ ಇಳಿಸಿದರು. ಹಾಗೆ ಬಂದ ಮರಳು ಮರಳಾದ ಸದ್ದು ಒಂದು ಕಾಲದ ಗುರುತೇ ಆಯಿತು. ಇಂಗ್ಲೆಂಡಿನ ದಿ ಪ್ರಾಡಿಜಿ ತಂಡದ ಲಿಯಾಮ್ ಹೌಲೆಟ್ 1990ರ ದಶಕದ ಆರಂಭದಲ್ಲಿ ರೋಲ್ಯಾಂಡ್ ಡಬ್ಲ್ಯೂ-30 ಸ್ಯಾಂಪ್ಲರ್ ಕೀಬೋರ್ಡ್ ಮೇಲೆ ಹಾಡುಗಳನ್ನು ಕಟ್ಟಿ, ಅದನ್ನೇ ವೇದಿಕೆಗೂ ತಂದರು. ಅದೂ 12 ಬಿಟ್, ಅದೂ ಫ್ಲಾಪಿ.

ಇಲ್ಲಿಗೆ ಯಂತ್ರದ ಹೊಗಳಿಕೆ ಸಾಕು. ಇನ್ನು ಡಿಸ್ಕಿನ ವಿಷಯ.

ಈ ಸ್ಯಾಂಪ್ಲರ್‌ಗಳಲ್ಲಿ ಸದ್ದು ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಹೋದರೆ ಎಲ್ಲ ಖಾಲಿ. ಒಂದು ಕ್ಷಣ ವೋಲ್ಟೇಜ್ ಇಳಿದರೂ ಖಾಲಿ. ನಮ್ಮ ಗಣೇಶೋತ್ಸವ, ರಾಜ್ಯೋತ್ಸವದ ಬಯಲು ವೇದಿಕೆಗಳಲ್ಲಿ ಜನರೇಟರ್ ಮೇಲೆ ಸೌಂಡ್, ಲೈಟ್ ಎಲ್ಲ ನಡೆಯುತ್ತದೆ. ಲೈಟಿನವರು ಒಮ್ಮೆಲೇ ಎಲ್ಲ ದೀಪ ಹಾಕಿದಾಗ ಏನಾಗುತ್ತದೆ ಅಂತ ವೇದಿಕೆ ಹತ್ತಿದವರಿಗೆಲ್ಲ ಗೊತ್ತು. ಹಾಗಾಗಿ ಸ್ಯಾಂಪ್ಲರ್‌ಗೆ ಪ್ರತ್ಯೇಕವಾಗಿ ಒಂದು ಚಿಕ್ಕ ಯುಪಿಎಸ್ ಇರಲೇಬೇಕು. ಇದರಲ್ಲಿ ರಾಜಿ ಬೇಡ. ಜಪಾನಿನಿಂದ ತರಿಸಿದ ಯಂತ್ರವಾದರೆ 100 ವೋಲ್ಟ್‌ನದ್ದಾ ಅಂತ ಹಿಂಭಾಗ ಓದಿ ನೋಡಿ. ನೇರವಾಗಿ ನಮ್ಮ 230ಕ್ಕೆ ಸಿಕ್ಕಿಸಿದರೆ ಕಥೆ ಅಲ್ಲಿಗೇ ಮುಗಿಯಿತು.

ಯುಪಿಎಸ್ ಇದ್ದರೂ ಪ್ರತಿ ಪ್ರೋಗ್ರಾಮ್‌ಗೆ ಮೊದಲು ಡಿಸ್ಕಿನಿಂದ ಲೋಡ್ ಮಾಡಲೇಬೇಕು. ಬ್ಯಾಂಕ್ ಬದಲಾದಾಗ ಮತ್ತೆ ಮಾಡಬೇಕು. ಅಂದರೆ ಇಡೀ ಕಾರ್ಯಕ್ರಮ ನಿಂತಿರುವುದು ಆ ಡಿಸ್ಕಿನ ಮೇಲೆ. ಆ ಜಾಗದಲ್ಲಿ 1995ರ ಜಿಪ್ ಡ್ರೈವ್ ಇಡಬೇಕಾ?

ಜಿಪ್ ಬಂದ ಕಾಲಕ್ಕೆ ಅದು ದೊಡ್ಡ ವರವೇ ಆಗಿತ್ತು. ಒಂದು ಫ್ಲಾಪಿಯಲ್ಲಿ ಒಂದೂವರೆ ಎಂಬಿ ಹಿಡಿಯುತ್ತಿದ್ದಾಗ ಇದರಲ್ಲಿ 100 ಎಂಬಿ.  ಆದರೆ ಜಿಪ್‌ನ ‘ಕ್ಲಿಕ್ ಆಫ್ ಡೆತ್’ ಆಗಲೇ ಕುಖ್ಯಾತವಾಗಿತ್ತು. ಡ್ರೈವಿನ ಹೆಡ್ ಕೆಟ್ಟು ಟಿಕ್ ಟಿಕ್ ಅನ್ನಲು ಶುರು ಮಾಡಿದರೆ ಒಳ್ಳೆಯ ಡಿಸ್ಕೂ ಹಾಳಾಗುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಸೇರಿ ಕೇಸನ್ನೂ ಹಾಕಿದರು. ಹೊಸತಾಗಿದ್ದಾಗಲೇ ಹೀಗೆ. ಈಗ ಅದಕ್ಕೆ ಸುಮಾರು ಮೂವತ್ತು ವರ್ಷ. ಪಕ್ಕದಲ್ಲಿ ಹದಿನೆಂಟು ಇಂಚಿನ ಬೇಸ್ ಸ್ಪೀಕರ್, ಕೆಳಗೆ ಅದುರುವ ಹಲಗೆ, ಸುತ್ತ ಧೂಳು. ಫ್ಲಾಪಿಯ ಕಥೆಯೂ ಅಷ್ಟೇ. ಸೋನಿ ಕಂಪನಿಯೇ 2011ರ ಮಾರ್ಚ್‌ಗೆ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಈಗ ಸಿಗುವುದು ಹಳೆಯ ಸ್ಟಾಕ್ ಮಾತ್ರ.

ಮೂಲ ಡ್ರೈವ್ ಇದ್ದರೇ ಮೂಲ ಸದ್ದು ಅನ್ನುವವರಿಗೆ ನನ್ನ ಉತ್ತರ ಸರಳ. ಡಿಸ್ಕಿನಲ್ಲಿರುವುದು ಸೊನ್ನೆ ಮತ್ತು ಒಂದು. ಅವು ಎಸ್‌ಡಿ ಕಾರ್ಡಿನಿಂದ ಬಂದರೂ ಜಿಪ್‌ನಿಂದ ಬಂದರೂ ರ‍್ಯಾಮ್‌ನಲ್ಲಿ ಕೂರುವುದು ಅದೇ ಸಂಖ್ಯೆಗಳು. ಯಂತ್ರದ ಗುಣ ಇರುವುದು ಸಂಖ್ಯೆಗಳನ್ನು ಸದ್ದಾಗಿಸುವ ಅದರ ಕನ್ವರ್ಟರ್‌ನಲ್ಲಿ, ಫಿಲ್ಟರ್‌ನಲ್ಲಿ, ಶ್ರುತಿ ಏರಿಸಿ ಇಳಿಸುವ ಲೆಕ್ಕದಲ್ಲಿ, ಔಟ್‌ಪುಟ್ ಸರ್ಕ್ಯೂಟ್‌ನಲ್ಲಿ. ಅದನ್ನು ಯಾರೂ ಮುಟ್ಟುತ್ತಿಲ್ಲ.

ಬದಲಿಗೆ ಏನು ಹಾಕಬೇಕು? ಬರೀ ಫ್ಲಾಪಿ ಇರುವ ಯಂತ್ರಕ್ಕೆ ಗೋಟೆಕ್ ಅನ್ನುವ ಬದಲಿ ಡ್ರೈವ್. ಫ್ಲಾಪಿ ಡ್ರೈವ್ ಬಿಚ್ಚಿ ಅದೇ ಜಾಗದಲ್ಲಿ ಕೂರಿಸಬಹುದು, ಪೆನ್ ಡ್ರೈವಿನಲ್ಲಿ ನೂರಾರು ಫ್ಲಾಪಿಗಳ ಇಮೇಜ್ (ಪೂರ್ತಿ ಡಿಸ್ಕಿನ ನಕಲು ಫೈಲ್) ಇಡಬಹುದು. ಕೀರ್ ಫ್ರೇಸರ್ ಬರೆದ ಫ್ಲ್ಯಾಶ್‌ಫ್ಲಾಪಿ ಸಾಫ್ಟ್‌ವೇರ್ ಅದಕ್ಕೆ ಹಾಕಿಕೊಂಡರೆ ಬೇರೆ ಬೇರೆ ಕಂಪನಿಗಳ ಫಾರ್ಮ್ಯಾಟ್ ಕೂಡ ಓದುತ್ತದೆ. ಒಂದು ವಿಷಯ ನೆನಪಿರಲಿ. ಗೋಟೆಕ್ ಫ್ಲಾಪಿಯ ವೇಗವನ್ನೇ ಅನುಕರಿಸುತ್ತದೆ. ಪೂರ್ತಿ ಫ್ಲಾಪಿಗೆ ಹೆಚ್ಚುಕಡಿಮೆ ಒಂದು ನಿಮಿಷ ಆಗುತ್ತಿತ್ತು, ಈಗಲೂ ಅಷ್ಟೇ ಆಗುತ್ತದೆ. ಸಿಗುವುದು ವೇಗವಲ್ಲ, ನಂಬಿಕೆ.

ಸ್ಕಜಿ ಇರುವ ಯಂತ್ರಕ್ಕೆ ಬ್ಲೂಸ್ಕಜಿ, ಜುಲುಸ್ಕಜಿ, ಎಸ್‌ಸಿಎಸ್‌ಐ2ಎಸ್‌ಡಿ ಥರದ, ಹಳೆಯ ಡ್ರೈವ್ ಬದಲು ಎಸ್‌ಡಿ ಕಾರ್ಡ್ ಬಳಸುವ ಬೋರ್ಡ್‌ಗಳಿವೆ. ಮೊದಲ ಎರಡರಲ್ಲಿ ನನಗೆ ಇಷ್ಟವಾದದ್ದು, ಇಡೀ ಹಾರ್ಡ್ ಡಿಸ್ಕ್ ಎಸ್‌ಡಿ ಕಾರ್ಡಿನಲ್ಲಿ ಒಂದು ಫೈಲ್ ಆಗಿ ಕೂರುತ್ತದೆ. ಆ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿದರೆ ಬ್ಯಾಕಪ್ ಮುಗಿಯಿತು. ಎರಡನೇ ಕಾರ್ಡಿಗೆ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳಿ. ಹಳೆಯ ಸ್ಕಜಿ ನಿಯಮಗಳು ಇಲ್ಲೂ ಅನ್ವಯಿಸುತ್ತವೆ: ಎರಡು ಸಾಧನಗಳಿಗೆ ಒಂದೇ ಐಡಿ ನಂಬರ್ ಬೇಡ, ಸಾಧನಗಳ ಸರಪಳಿಯ ಎರಡೂ ತುದಿಗೆ ಟರ್ಮಿನೇಟರ್ (ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ತುಣುಕು) ಇರಲಿ, ಪವರ್ ಇದ್ದಾಗ ಕೇಬಲ್ ಎಳೆಯಬೇಡಿ. ಅಕಾಯ್ ತನಗೆ ತಾನೇ ಸಾಮಾನ್ಯವಾಗಿ 6 ಇಟ್ಟುಕೊಂಡಿರುತ್ತದೆ, ಅದನ್ನು ಬಿಟ್ಟು ಬೇರೆ ಕೊಡಿ. ಕೆಲವು ಸ್ಯಾಂಪ್ಲರ್‌ಗಳು ಬೋರ್ಡಿಗೆ ಬೇಕಾದ ಕರೆಂಟನ್ನು ಸ್ಕಜಿ ಕೇಬಲ್ ಮೂಲಕ ಕೊಡುವುದಿಲ್ಲ. ಆಗ ಯುಎಸ್‌ಬಿಯಿಂದ ಕೊಡಬೇಕು. ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಇದನ್ನು ನೋಡಿ.

ದೊಡ್ಡ ಕಾರ್ಡ್ ಹಾಕಿದ ಕೂಡಲೇ ಸ್ಯಾಂಪ್ಲರ್ ಓಡೋಡಿ ಲೋಡ್ ಮಾಡುತ್ತದೆ ಅಂದುಕೊಳ್ಳಬೇಡಿ. ಅದರ ಒಳಗಿನ ಪ್ರೊಸೆಸರ್ ಹಳೆಯದೇ. ಎಸ್1000, ಎಸ್3000 ಸಾಲಿನಲ್ಲಿ ಡಿಸ್ಕಿನ ಒಂದು ಪಾರ್ಟಿಷನ್‌ಗೆ (ವಿಭಾಗಕ್ಕೆ) 60 ಎಂಬಿ ಗಡಿ. ಫೈಲ್ ಹೆಸರಿಗೆ 12 ಅಕ್ಷರ ಮಾತ್ರ. ನಾನು ಹಾಡಿನ ಕ್ರಮಕ್ಕೆ ತಕ್ಕ ಹಾಗೆ ಹೆಸರಿನ ಮೊದಲಿಗೆ ನಂಬರ್ ಇಟ್ಟುಬಿಡುತ್ತೇನೆ. ಬ್ಯಾಂಕ್ ಬದಲಾಯಿಸುವ ಜಾಗಕ್ಕೆ ನಿರೂಪಕರ ಮಾತನ್ನೋ ಸನ್ಮಾನವನ್ನೋ ಹಾಕಿಸಿಕೊಳ್ಳುತ್ತೇನೆ. ಗಣ್ಯರಿಗೆ ಶಾಲು ಹೊದಿಸಿ ಹಾರ ಹಾಕುವಷ್ಟರಲ್ಲಿ 32 ಎಂಬಿ ಆರಾಮಾಗಿ ಬಂದು ಕೂರುತ್ತದೆ. ನಿರೂಪಕರ ಜೊತೆ ಇದನ್ನು ಮೊದಲೇ ಮಾತಾಡಿಕೊಳ್ಳಿ, ಅವರು ಖಂಡಿತ ಸಹಕರಿಸುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದ ಮಾತು. ಹಳೆಯ ಡಿಸ್ಕ್ ಮನೆಯಲ್ಲಿರಲಿ ಅಂದೆನಲ್ಲ, ಸುಮ್ನೆ ಇರಲಿ ಅಂತಲ್ಲ.

ನಮ್ಮ ಆರ್ಕೆಸ್ಟ್ರಾಗಳಲ್ಲಿ, ಸಣ್ಣ ಸ್ಟುಡಿಯೋಗಳಲ್ಲಿ ದುಡಿದ ಎಷ್ಟೋ ಕೀಬೋರ್ಡ್‌ನವರು, ರಿದಮ್ ಪ್ಯಾಡ್‌ನವರು ಮೈಕ್ ಹಿಡಿದು ನಮ್ಮ ಸದ್ದುಗಳನ್ನು ತಾವೇ ಸ್ಯಾಂಪಲ್ ಮಾಡಿದ್ದಾರೆ. ಕಂಪನಿಯ ಲೈಬ್ರರಿಯಲ್ಲಿ ತಬಲಾ, ಸಿತಾರ್ ಸಿಗುತ್ತಿತ್ತು. ಚೌಡಿಕೆ ಸಿಗುತ್ತಿತ್ತಾ? ಹಲಗಿ, ಚೆಂಡೆಯ ಪೆಟ್ಟು, ಓಲಗದವರ ಮೌರಿ? ಅವನ್ನೆಲ್ಲ ಇವರೇ ರೆಕಾರ್ಡ್ ಮಾಡಿ, ಕತ್ತರಿಸಿ, ಶ್ರುತಿಗೆ ಕೂರಿಸಿ ಫ್ಲಾಪಿಗೆ ಹಾಕಿದರು. ಅಂದು ನುಡಿಸಿದ ಹಿರಿಯ ಕಲಾವಿದರಲ್ಲಿ ಹಲವರು ಈಗ ಇಲ್ಲ. ಅವರ ಕೈಯ ಆ ಏಟು ಇರುವುದು ಯಾವುದೋ ಬೀರುವಿನ ಡಬ್ಬಿಯಲ್ಲಿ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಫ್ಲಾಪಿಯ ಒಳಗಿನ ಹಾಳೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಒಂದನ್ನು ಹಾಕಿದರೆ ಡ್ರೈವಿನ ಹೆಡ್ ಗಲೀಜಾಗಿ ಮುಂದಿನದ್ದೂ ಹಾಳಾಗುತ್ತದೆ.

ದಯವಿಟ್ಟು ಈ ವರ್ಷವೇ ಅವನ್ನು ಓದಿಸಿ ಇಮೇಜ್ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಇದಕ್ಕೆ ಸಾಲದು. ಅಕಾಯ್, ಎನ್ಸೋನಿಕ್ ಕಂಪನಿಗಳ ಸ್ಯಾಂಪ್ಲರ್ ಫ್ಲಾಪಿಗಳಲ್ಲಿ ಸೆಕ್ಟರ್‌ಗಳ, ಅಂದರೆ ಮಾಹಿತಿಯ ತುಂಡುಗಳ, ಜೋಡಣೆ ಪಿಸಿಯದ್ದಕ್ಕಿಂತ ಬೇರೆ. ವಿಂಡೋಸ್‌ಗೆ ಅದು ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳುತ್ತದೆ. ಒಪ್ಪಿದರೆ ಎಲ್ಲವೂ ಹೋಯಿತು. ಅದಕ್ಕೇ ಮೊದಲು ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ತೂತು ತೆರೆದಿರುವ ಹಾಗೆ ಮಾಡಿ, ಆಗ ಯಾರೂ ಅದರ ಮೇಲೆ ಬರೆಯಲಾಗದು. ಓದಲು ಗ್ರೀಸ್‌ವೀಸಲ್ ಅನ್ನುವ ಚಿಕ್ಕ ಬೋರ್ಡ್ ಮತ್ತು ಹಳೆಯ ಪಿಸಿಯಿಂದ ಬಿಚ್ಚಿದ ಫ್ಲಾಪಿ ಡ್ರೈವ್ ಸಾಕು. ಅದು ಡಿಸ್ಕಿನ ಕಾಂತೀಯ ಗುರುತುಗಳನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ, ಫಾರ್ಮ್ಯಾಟ್ ಯಾವುದು ಅನ್ನುವುದನ್ನು ಆಮೇಲೆ ನೋಡಿಕೊಳ್ಳಬಹುದು.

ಲೇಬಲ್ ಮೇಲೆ ಕೈಬರಹದಲ್ಲಿ ಊರಿನ ಹೆಸರೋ ವಾದ್ಯದ ಹೆಸರೋ ಇರುವ ಫ್ಲಾಪಿಗಳಿಂದ ಶುರು ಮಾಡಿ, ಕಂಪನಿಯ ಡಿಸ್ಕ್‌ಗಳು ಕೊನೆಗಿರಲಿ. ಲೇಬಲ್‌ನ ಫೋಟೋ ತೆಗೆದು ಇಮೇಜ್ ಜೊತೆಗೇ ಇಡಿ, ನುಡಿಸಿದವರು ಯಾರು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ನಿಮ್ಮ ತಂಡದಲ್ಲೋ ಬಳಗದಲ್ಲೋ ಇಂಥ ಡಬ್ಬಿ ಇದ್ದು, ಓದಿಸುವುದು ಹೇಗೆ ಅಂತ ತಿಳಿಯದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಜಿಪ್ ಡಿಸ್ಕ್ ಇದ್ದರೂ ಸರಿ. ಓದಿ ವಾಪಸ್ ಕೊಡುತ್ತೇನೆ, ದುಡ್ಡು ಬೇಡ.