ಜೆರಾಕ್ಸ್ ಮಿಷಿನ್ನಿಗೆ ಹೆದರ್ತೀವಿ, ಮುರಿದ ಚೇರ್‌ಗೆ ಹೆದರಲ್ಲ

ಪೀಣ್ಯದ ನಮ್ಮ ಆಫೀಸಲ್ಲಿ ಬಿಲ್ಲಿಂಗ್ ನೋಡ್ಕೊಳ್ಳೋ ಹುಡುಗಿಗೆ ಈಗ ಏಳು ತಿಂಗಳು. ಹೋದ ವಾರ ಎಲ್ಲರೂ ಸೇರಿ ಆಫೀಸಲ್ಲೇ ಸೀಮಂತ ಮಾಡಿದ್ವಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಹೋಳಿಗೆ ತರಿಸಿ, ಫೋಟೋ ಎಲ್ಲಾ ಆಯ್ತು, ನಂಗೂ ತುಂಬಾ ಖುಷಿ ಆಯ್ತು. ಮಾರನೇ ದಿನ ನೋಡ್ತೀನಿ, ಕೈ ತುಂಬಾ ಅದೇ ಬಳೆ, ಕೂತಿರೋದು ಅದೇ ಮುರಿದ ಚೇರ್ ಮೇಲೆ. ಕೂತ ಹತ್ತು ನಿಮಿಷಕ್ಕೆ ಅದು ತಾನಾಗೇ ಕೆಳಗಿಳಿಯುತ್ತೆ, ಅವಳು ಟೇಬಲ್ ಹಿಡ್ಕೊಂಡು ಎದ್ದು, ಹ್ಯಾಂಡಲ್ ಎಳೆದು, ಮತ್ತೆ ಕೂರ್ತಾಳೆ. ಬೆನ್ನು ಒರಗಿಸೋ ಭಾಗ ಅಲ್ಲಾಡುತ್ತೆ ಅಂತ ಪ್ಯಾಕಿಂಗ್ ಟೇಪ್ ಸುತ್ತಿದಾರೆ.

ಇದು ಯಾರ ಕಣ್ಣಿಗೂ ಬಿದ್ದಿಲ್ಲ. ಆದ್ರೆ ಮೂರನೇ ತಿಂಗಳಿಂದ್ಲೇ ಎಲ್ರೂ ಅವಳಿಗೆ ಹೇಳಿದ್ದು ಒಂದೇ, ಜೆರಾಕ್ಸ್ ಲೈಟ್ ಹೊಟ್ಟೆಗೆ ಬೀಳ್ಬಾರ್ದು, ಕಂಪ್ಯೂಟರ್ ಮುಂದೆ ಜಾಸ್ತಿ ಕೂರ್ಬೇಡ. ಪಾಪ ಮನೆಯವರು ಆನ್‌ಲೈನಲ್ಲಿ ರೇಡಿಯೇಷನ್ ತಡೆಯೋ ಬೆಲ್ಟ್ ಬೇರೆ ತರಿಸಿಕೊಟ್ಟಿದಾರೆ.

ಕಂಪ್ಯೂಟರ್ ಭಯ ಹಳೇದು. 1980ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಗಾಬರಿ ಇತ್ತು, ಹಾಗಾಗಿ ಅಲ್ಲಿನ ಟೆಲಿಫೋನ್ ಆಪರೇಟರ್ ಹೆಣ್ಮಕ್ಕಳಲ್ಲಿ ಸ್ಕ್ರೀನ್ ಮುಂದೆ ಕೂರೋರನ್ನೂ ಕೂರದೇ ಇರೋರನ್ನೂ ಹೋಲಿಸಿ ನೋಡಿದ್ರು, 1991ರಲ್ಲಿ ಅದು ಪ್ರಿಂಟ್ ಆಯ್ತು, ಸ್ಕ್ರೀನಿಂದ ಗರ್ಭಪಾತ ಜಾಸ್ತಿ ಆಗಿರ್ಲಿಲ್ಲ. ಅದೂ ಹಳೇ ಡಬ್ಬದಂಥ ಮಾನಿಟರ್ ಕಾಲದಲ್ಲಿ. ಜೆರಾಕ್ಸಲ್ಲಿ ಬರೋದು ಬರೀ ಬೆಳಕು, ಎಕ್ಸ್-ರೇ ಅಲ್ಲ. ಗಾಳಿ ಆಡದ ರೂಮಲ್ಲಿ ದಿನವಿಡೀ ಮಿಷಿನ್ ಓಡಿದ್ರೆ ಓಜೋನ್ ಘಾಟು ಬರುತ್ತೆ, ಟೋನರ್ ಅಂದ್ರೆ ಅದರ ಇಂಕ್ ಪುಡಿ ಮೂಗಿಗೆ ಹೋಗ್ಬಾರ್ದು, ಅಷ್ಟೇ. ಕಿಟಕಿ ತೆಗೀರಿ, ಟೋನರ್ ಬೇರೆಯವರು ಹಾಕ್ಲಿ.

ನನಗೆ ಭಯ ಇರೋದು ಬೇರೇದಕ್ಕೆ. ಬಸುರಿಯಲ್ಲಿ ಕೀಲು ಸಡಿಲ ಆಗುತ್ತೆ, ಮೈಭಾರ ಮುಂದಕ್ಕೆ ವಾಲುತ್ತೆ, ಎಡವಿದ್ರೆ ಸಾವರಿಸಿಕೊಳ್ಳೋದು ಕಷ್ಟ. ಅವಳ ಟೇಬಲ್ಲಿಂದ ಪ್ರಿಂಟರ್‌ವರೆಗೆ ನೆಲದ ಮೇಲೆ ಎಕ್ಸ್‌ಟೆನ್ಷನ್ ವೈರ್ ಬಿದ್ದಿದೆ, ದಿನಕ್ಕೆ ಮೂವತ್ತು ಸಲ ದಾಟ್ತಾಳೆ, ಈಗ ಹೊಟ್ಟೆ ಅಡ್ಡ ಬಂದು ಕಾಲ ಕೆಳಗೆ ಏನಿದೆ ಅಂತಾನೇ ಅವಳಿಗೆ ಕಾಣಲ್ಲ. ಎ4 ಪೇಪರ್ 500 ಹಾಳೆಯ ಒಂದು ರೀಮೇ ಎರಡೂಕಾಲು ಕೆಜಿ ಮೇಲಿರುತ್ತೆ, ಹತ್ತು ರೀಮಿನ ಡಬ್ಬ 23 ಕೆಜಿ, ಆಫೀಸ್ ಬಾಯ್ ರಜಾ ಹಾಕಿದ ದಿನ ಅದನ್ನ ಎಳೆಯೋದು ಇವಳೇ. ತಿಂಗಳ ಕೊನೇಲಿ ಬಿಲ್ ಸ್ಕ್ಯಾನ್ ಮಾಡೋಕೆ ಎರಡು ಮೂರು ಗಂಟೆ ನಿಂತೇ ಇರ್ತಾಳೆ, ಸಂಜೆಗೆ ಚಪ್ಪಲಿ ಪಟ್ಟಿ ಪಾದದಲ್ಲಿ ಅಚ್ಚೊತ್ತಿರುತ್ತೆ. ಟಾಯ್ಲೆಟ್ ಮೇಲಿನ ಫ್ಲೋರಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಹತ್ಬೇಕಲ್ಲ ಅಂತ ನೀರು ಕುಡಿಯೋದನ್ನೇ ಕಮ್ಮಿ ಮಾಡಿದ್ಲು, ಕೊನೆಗೆ ಯೂರಿನ್ ಇನ್ಫೆಕ್ಷನ್ ಆಗಿ ನಾಲ್ಕು ದಿನ ಮಲಗಿದ್ಲು.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರ ಆಗಿದ್ದು ಎಲ್ರಿಗೂ ಗೊತ್ತು. ಆದ್ರೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇನ್ನೊಂದು ಮಾತಿತ್ತು, ಹೆರಿಗೆಗೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಆಗ ತುಂಬಾ ಹೊತ್ತು ನಿಲ್ಲಿಸೋ, ಶ್ರಮದ ಕೆಲಸ ಕೊಡಂಗಿಲ್ಲ. ಯಾವಾಗ, ಅವಳು ಕೇಳಿದ್ರೆ. ಕಾಂಟ್ರಾಕ್ಟ್ ಮೇಲಿರೋ ಹುಡುಗಿ, ಮುಂದಿನ ತಿಂಗಳು ರಿನ್ಯೂವಲ್ ಇದೆ, ಬಾಯಿಬಿಟ್ಟು ಕೇಳ್ತಾಳಾ? "ಬೇಡ ಅಕ್ಕ, ಹೇಗೋ ಅಡ್ಜಸ್ಟ್ ಮಾಡ್ಕೋತೀನಿ, ನೀವು ಹೇಳಿದ್ರೆ ನಾನೇ ಕಂಪ್ಲೇಂಟ್ ಮಾಡ್ದೆ ಅಂದ್ಕೋತಾರೆ" ಅಂದ್ಲು ನನ್ನ ಹತ್ರ. ಅವಳ ಬಾಯಲ್ಲೇ ಬರ್ಲಿ ಅಂತ ಕಾಯೋದು ತಪ್ಪು ಅಂತ ನಂಗೆ ಅನ್ಸಿದ್ದೇ ಆಗ, ಕಣ್ಣಿಗೆ ಕಾಣ್ತಿರೋದನ್ನ ಪಕ್ಕದಲ್ಲಿರೋರು ಹೇಳ್ಬೇಕು.

ಸೋಮವಾರ ನಾನೇ ಮ್ಯಾನೇಜರ್ ಹತ್ರ ಹೋದೆ. "ಸರ್, ಆ ಚೇರ್ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ" ಅಂದೆ. ಕೂತ್ರು, ಚೇರ್ ಕೆಳಗಿಳೀತು, ಏನೂ ಮಾತಾಡ್ಲಿಲ್ಲ. ಮಧ್ಯಾಹ್ನ ರಿಪೇರಿಯವನು ಬಂದು ಚೇರ್ ಎತ್ತರ ಹಿಡಿಯೋ ಗ್ಯಾಸ್ ಲಿಫ್ಟ್ ಬದಲಾಯಿಸಿದ, ಕಾಲು ಗಂಟೆ ಕೆಲಸ. ವೈರ್ ಇನ್ನೂ ಅಲ್ಲೇ ಇದೆ, ನಾಳೆ ಅದಕ್ಕೆ ಹೋಗ್ತೀನಿ.