ಜಿರಳೆ ಕೊಂದರೆ ನಗಬೇಕೇ?

1996ರ ಜನವರಿ 5ರಂದು ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಒಂದು ಎಪಿಸೋಡ್ ಬಂತು. ಹೆಸರು ‘ವಾರ್ ಆಫ್ ದಿ ಕಾಪ್ರೊಫೇಜಸ್’. ಕನ್ನಡದಲ್ಲಿ ‘ಸಗಣಿಬಾಕರ ಸಮರ’ ಅನ್ನಬಹುದೇನೋ. ಬರೆದವರು ಡ್ಯಾರಿನ್ ಮಾರ್ಗನ್, ನಿರ್ದೇಶನ ಕಿಮ್ ಮ್ಯಾನರ್ಸ್. ಮಸಾಚುಸೆಟ್ಸ್‌ನ ಮಿಲ್ಲರ್ಸ್ ಗ್ರೋವ್ ಎಂಬ ಕಾಲ್ಪನಿಕ ಊರಲ್ಲಿ ಜನ ಒಬ್ಬೊಬ್ಬರಾಗಿ ಸಾಯುತ್ತಾರೆ, ಹೆಣದ ಸುತ್ತ ಜಿರಳೆ. ಎಫ್‌ಬಿಐ ಏಜೆಂಟ್ ಮಲ್ಡರ್ ಆ ಊರಲ್ಲಿದ್ದಾನೆ. ವೈದ್ಯೆಯೂ ಆದ ಜೊತೆಗಾತಿ ಸ್ಕಲಿ ಮನೆಯಲ್ಲಿದ್ದಾಳೆ. ಹೆದರಿಸುವುದೇ ಕಸುಬಾದ ಧಾರಾವಾಹಿ ಇಲ್ಲಿ ನಗಿಸಲು ಕೂತಿದೆ. ಅದು ಸರಿಯಾ? ಎರಡೂ ಕಡೆಯ ವಕಾಲತ್ತು ನನ್ನದೇ.

ಪರ

ರಾತ್ರಿ ಎರಡು ಗಂಟೆ. ಬಚ್ಚಲಿನ ಲೈಟ್ ಹಾಕುತ್ತೀರಿ. ನೀರು ಹೋಗುವ ತೂತಿನ ಪಕ್ಕ ಒಂದು ಜಿರಳೆ, ಮೀಸೆ ಮಾತ್ರ ಮೆಲ್ಲಗೆ ಆಡುತ್ತಿದೆ. ಅದು ಸುಮ್ನೆ ನಿಂತಿದೆ. ನಿಮ್ಮ ಕೈಗೆ ಆಗಲೇ ಚಪ್ಪಲಿ ಬಂದಿದೆ. ಅದು ರೆಕ್ಕೆ ಬಿಚ್ಚಿತೋ, ಚಪ್ಪಲಿ ಅಲ್ಲೇ ಬಿಟ್ಟು ಓಡುವವರು ನೀವು. ಬಾಗಿಲ ಹೊರಗೆ ನಿಂತು ನೋಡಿದವರಿಗೆ ಇದಕ್ಕಿಂತ ದೊಡ್ಡ ಹಾಸ್ಯ ಇಲ್ಲ.

ಮಾರ್ಗನ್ ಕಥೆ ಕಟ್ಟಿರುವುದು ಈ ಓಟದ ಮೇಲೆ. ಪ್ರತಿ ಹೆಣ ಬಿದ್ದಾಗಲೂ ಮಲ್ಡರ್ ಫೋನ್ ಮಾಡುತ್ತಾನೆ. ಸ್ಕಲಿ ಒಮ್ಮೆ ಪಿಸ್ತೂಲು ಒರೆಸುತ್ತಿರುತ್ತಾಳೆ, ಇನ್ನೊಮ್ಮೆ ನಾಯಿಗೆ ಸ್ನಾನ ಮಾಡಿಸುತ್ತಿರುತ್ತಾಳೆ. ಕೆಲಸ ನಿಲ್ಲಿಸದೆಯೇ ಸಾವಿನ ಕಾರಣ ಹೇಳುತ್ತಾಳೆ. ಪೆಸ್ಟ್ ಕಂಟ್ರೋಲ್‌ನವನು ಸತ್ತದ್ದು ಜಿರಳೆಯ ಅಲರ್ಜಿಯಿಂದ. ನಶೆ ಏರಿದ್ದ ಹುಡುಗ ಚರ್ಮದೊಳಗೆ ಹುಳು ಹರಿಯುತ್ತಿದೆ ಅಂತ ತಾನೇ ಕೈ ಕೊಯ್ದುಕೊಂಡ. ಮೂರನೆಯವನು ಟಾಯ್ಲೆಟ್‌ನಲ್ಲಿ ತಿಣುಕಿದಾಗ ಮಿದುಳಿನ ರಕ್ತನಾಳ ಒಡೆದು ಹೋದ. ಮೂರರಲ್ಲಿ ಒಂದೂ ಕೊಲೆಯಲ್ಲ. ಆದರೆ ಊರು ಕೇಳಬೇಕಲ್ಲ! ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನುವ ಜನ ಅಲ್ಲೂ ಇದ್ದಾರೆ.

ಅಂಗಡಿಯ ದೃಶ್ಯ ನೋಡಿ. ಜನ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಿದ್ದಾರೆ. ಕೊನೆಗೂ ಮನೆ ಬಿಟ್ಟು ಬಂದ ಸ್ಕಲಿ ಗುರುತಿನ ಚೀಟಿ ಎತ್ತಿ ಹಿಡಿದು ಸಮಾಧಾನ ಹೇಳುತ್ತಾಳೆ. ಅಷ್ಟರಲ್ಲಿ ಜಗಳದಲ್ಲಿ ಒಂದು ಡಬ್ಬ ಒಡೆದು ಕಂದು ಚಾಕೊಲೇಟ್ ಗುಂಡುಗಳು ನೆಲಕ್ಕೆ ಚೆಲ್ಲುತ್ತವೆ. ಜಿರಳೆ! ಅಂಗಡಿ ಖಾಲಿ. ಸ್ಕಲಿ ಒಂದು ಗುಂಡು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಹಗ್ಗ ಹಾವಾಗಿ ಕಾಣುವ ಮಾತನ್ನು ಇಷ್ಟು ರುಚಿಯಾಗಿ ಯಾರು ಹೇಳಿದ್ದಾರೆ?

ಊರಿನ ಹೆಸರೂ ಸುಮ್ನೆ ಇಟ್ಟದ್ದಲ್ಲ. 1938ರ ಅಕ್ಟೋಬರ್ 30ರಂದು ನಟ, ನಿರ್ದೇಶಕ ಆರ್ಸನ್ ವೆಲ್ಸ್ ತನ್ನ ರೇಡಿಯೋ ನಾಟಕದಲ್ಲಿ ಮಂಗಳ ಗ್ರಹದವರನ್ನು ಇಳಿಸಿದ್ದು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್‌ನಲ್ಲಿ. ಅದನ್ನೇ ತಿರುಗಿಸಿದರೆ ಮಿಲ್ಲರ್ಸ್ ಗ್ರೋವ್. ಆ ರಾತ್ರಿ ಅದನ್ನು ನಿಜ ಅಂತ ನಂಬಿ ದೇಶವೇ ಬೀದಿಗೆ ಬಂತು ಅನ್ನುವ ಮಾತು ಇದೆಯಲ್ಲ, ಅದನ್ನು ಪತ್ರಿಕೆಗಳು ಬಹಳಷ್ಟು ಉಬ್ಬಿಸಿದ್ದವು. ಅಂದರೆ ಗಾಬರಿಯ ಕಥೆಯೇ ಇನ್ನೊಂದು ಗಾಬರಿ.

ಮಲ್ಡರ್‌ಗೆ ಸಿಗುವ ಕೀಟ ವಿಜ್ಞಾನಿಯ ಹೆಸರು ಡಾಕ್ಟರ್ ಬಾಂಬಿ ಬೆರೆನ್‌ಬಾಮ್. ಇದು ಇಲಿನಾಯ್ ವಿಶ್ವವಿದ್ಯಾಲಯದ ನಿಜವಾದ ಕೀಟ ವಿಜ್ಞಾನಿ ಮೇ ಬೆರೆನ್‌ಬಾಮ್ ಅವರಿಗೆ ಸಂದ ಗೌರವ. ಅವರು 1984ರಿಂದ ಕೀಟಗಳ ಭಯಾನಕ ಸಿನಿಮಾಗಳದ್ದೇ ಒಂದು ಉತ್ಸವ ನಡೆಸಿಕೊಂಡು ಬಂದಿದ್ದಾರೆ. ಸಿನಿಮಾ ತೋರಿಸುವುದು, ಜೊತೆಗೆ ಅದರಲ್ಲಿ ಏನೇನು ಸುಳ್ಳು ಅಂತ ಬಿಡಿಸಿ ಹೇಳುವುದು. ನಕ್ಕ ಮೇಲೆ ಹುಳುವನ್ನು ಹತ್ತಿರದಿಂದ ನೋಡಲು ಧೈರ್ಯ ಬರುತ್ತದೆ.

ವಿರೋಧ

ನಕ್ಕೆ, ಒಪ್ಪುತ್ತೇನೆ. ಆದರೆ ನಗಿಸಿದವನು ಲೆಕ್ಕ ಸರಿಯಾಗಿ ಒಪ್ಪಿಸಿದನಾ?

ಭಯವೇ ಕೊಂದದ್ದು ಅನ್ನುವುದಾದರೆ ಜಿರಳೆ ಬರೀ ಜಿರಳೆಯಾಗಿರಬೇಕಿತ್ತು. ಇಲ್ಲಿ ಹಾಗಿಲ್ಲ. ಮಲ್ಡರ್ ಕೈಗೆ ಲೋಹದಂತಿರುವ ಜಿರಳೆಯ ತುಂಡು ಸಿಗುತ್ತದೆ. ಬೇರೆ ಗ್ರಹದವರು ಕಳಿಸಿದ ಯಂತ್ರ ಇರಬಹುದು ಅನ್ನುವ ಮಾತೂ ಬರುತ್ತದೆ. ಹಾಗಾದರೆ ಓಡಿದ ಊರಿನವರು ಮಾಡಿದ್ದು ಸರಿಯೇ ಅಲ್ವಾ? ಅವರನ್ನು ಗೇಲಿ ಮಾಡಿದ್ದು ಯಾಕೆ? ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಕೊನೆಗೆ ಸಗಣಿಯಿಂದ ಇಂಧನ ಮಾಡುವ ಜಾಗವೇ ಸಿಡಿದು, ಮಲ್ಡರ್, ಸ್ಕಲಿ ಇಬ್ಬರ ಮೈಗೂ ಸಗಣಿ ಮೆತ್ತಿಕೊಳ್ಳುತ್ತದೆ. ಸಾಕ್ಷಿಯೂ ಹೋಯಿತು, ಉತ್ತರ ಕೊಡುವ ಹೊಣೆಯೂ ಹೋಯಿತು. ಕಥೆ ಮುಗಿಸಲು ದಾರಿ ಕಾಣದಾಗ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಬಾಂಬಿಯ ಗೌರವದ ಮಾತಿಗೂ ನನ್ನ ತಕರಾರಿದೆ. ಹೆಸರೇನೋ ದೊಡ್ಡ ವಿಜ್ಞಾನಿಯದು. ಪಾತ್ರಕ್ಕೆ ಕೊಟ್ಟ ಕೆಲಸ ಮಾತ್ರ ಚೆಲುವೆಯಾಗಿ ನಿಂತು ಮಲ್ಡರ್‌ನನ್ನು ಬೆಪ್ಪಾಗಿಸುವುದು, ಆ ಕಡೆ ಫೋನ್‌ನಲ್ಲಿ ಸ್ಕಲಿಗೆ ಕಸಿವಿಸಿ ಮಾಡುವುದು. ಕೊನೆಗೆ ಒಬ್ಬ ರೋಬೋಟ್ ವಿಜ್ಞಾನಿಯ ಜೊತೆ ಹೊರಟುಬಿಡುತ್ತಾಳೆ. ಹುಳುಗಳ ಬಗ್ಗೆ ಅವಳು ಹೇಳುವುದು ಚೆನ್ನಾಗಿಯೇ ಇದೆ. ಕೇಳುವ ವ್ಯವಧಾನ ಮಾತ್ರ ಕ್ಯಾಮೆರಾಗೆ ಇಲ್ಲ.

ಇನ್ನೊಂದು, ಇದೇ ನನಗೆ ಜಾಸ್ತಿ ಚುಚ್ಚುವುದು. ಜಿರಳೆಯಿಂದ ಸಾಯುವುದು ತಮಾಷೆ ಅಂತ ಒಮ್ಮೆ ತಲೆಯಲ್ಲಿ ಕೂತರೆ ನಿಜವಾದ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಜಿರಳೆಯ ಹಿಕ್ಕೆ, ಕಳಚಿದ ಸಿಪ್ಪೆ ಪುಡಿಯಾಗಿ ಗಾಳಿಗೆ ಸೇರಿ ಮಕ್ಕಳ ಉಬ್ಬಸ ಹೆಚ್ಚಿಸುತ್ತದೆ. ಇಕ್ಕಟ್ಟಿನ, ಹಳೆಯ ಮನೆಗಳಲ್ಲಿ ಇರುವವರಿಗೆ ಅದು ರಾತ್ರಿ ಪೂರ್ತಿ ಕೆಮ್ಮು. ಪೆಸ್ಟ್ ಕಂಟ್ರೋಲ್‌ನವನ ಅಲರ್ಜಿಯ ಸಾವು ಚಿತ್ರಕಥೆಯಲ್ಲಿ ಫೋನಿನ ಒಂದು ಜೋಕ್ ಆಗಿ ಮುಗಿಯುತ್ತದೆ. ಇನ್ನು ನಿಜಕ್ಕೂ ಕೊಲ್ಲುವ ಹುಳು ಸೊಳ್ಳೆ. ಬರೀ ಮಲೇರಿಯಾದಿಂದಲೇ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ, ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು. ಅದರ ಮೇಲೆ ಇಂಥ ಎಪಿಸೋಡ್ ಯಾರೂ ಬರೆಯಲಾರರು. ಹಾಸ್ಯಕ್ಕೆ ಜಿರಳೆ ಸಿಕ್ಕಿದ್ದು ಅದು ನಮ್ಮನ್ನು ಸಾಯಿಸುವುದಿಲ್ಲ ಅಂತ ಮನಸ್ಸಿನಲ್ಲಿ ಮೊದಲೇ ಗೊತ್ತಿರುವುದರಿಂದ.

ಇಡೀ ಎಪಿಸೋಡ್‌ನಲ್ಲಿ ನನ್ನ ಮೈ ಜುಂ ಅನ್ನಿಸಿದ್ದು ಒಂದೇ ಕ್ಷಣ. ಪಾತ್ರಗಳು ಮಾತಾಡುತ್ತಿರುವಾಗ ಪರದೆಯ ಮೇಲೆ, ಚಿತ್ರದ ಹೊರಗಡೆಯಿಂದ ಬಂದಂತೆ, ಒಂದು ಜಿರಳೆ ಸರಸರ ಹರಿದು ಹೋಗುತ್ತದೆ. ಅದು ಕಥೆಯೊಳಗಿನದ್ದಲ್ಲ, ನಿಮ್ಮ ಟಿವಿಯ ಗಾಜಿನ ಮೇಲಿನದ್ದು ಅನ್ನಿಸಬೇಕು ಅಂತಲೇ ಹಾಕಿದ್ದು. ಪಾತ್ರಗಳಿಗೆ ಅದು ಕಾಣುವುದೇ ಇಲ್ಲ. ಯಾರೂ ಅದರ ಬಗ್ಗೆ ಜೋಕ್ ಮಾಡುವುದಿಲ್ಲ. ನಾನು ಎದ್ದು ಹೋಗಿ ಗಾಜನ್ನು ಕೈಯಿಂದ ಒರೆಸಿ ನೋಡಿದ್ದೆ.