ಪೊರಕೆಕಡ್ಡಿಯ ಡಾಕ್

"ಎಲ್ಲಾ ಚೆನ್ನಾಗಿ ಬಂದಿದೆ. ನೀರು ಯಾವಾಗ ಬಿಡ್ತೀಯ?" ಎಂದರು ಭಾವ, ಕಾಫಿ ಲೋಟವನ್ನು ನನ್ನ ಡಾಕಿನ ಅಂಚಿಗೇ ಇಡುತ್ತ.

"ಬಿಡಲ್ಲ ಭಾವ, ಇದು ಡ್ರೈ ಡಾಕ್."

"ಅದು ಸರಿ. ಆದ್ರೂ ಸಬ್‌ಮರೀನ್ ಅಂದ್ಮೇಲೆ ಒಂಚೂರು ನೀರಿದ್ರೆ ಲಕ್ಷಣ."

ಡ್ರೈ ಡಾಕ್ ಎಂದರೆ ಹಡಗನ್ನು ಒಳಗೆ ತಂದು, ನೀರು ಖಾಲಿ ಮಾಡಿ ರಿಪೇರಿ ಮಾಡುವ ದೊಡ್ಡ ಗುಂಡಿ. ನಾನು ಮಾಡುತ್ತಿರುವುದು ಅದರ ಪುಟ್ಟ ಮಾದರಿ, ಒಳಗೊಂದು ಪುಟ್ಟ ಸಬ್‌ಮರೀನ್. ಭಾವ ಕಾರವಾರದವರು. ಅಲ್ಲಿ ಗುಂಡಿ ತೋಡುವ ರಗಳೆಯೇ ಇಲ್ಲವಂತೆ, 10,000 ಟನ್ನಿನ ಹಡಗನ್ನೂ ಲಿಫ್ಟಿನಲ್ಲಿ ಎತ್ತಿ ದಡಕ್ಕೆ ತಂದಿಡುತ್ತಾರಂತೆ. ಇಡೀ ಕದಂಬ ನೌಕಾನೆಲೆಯನ್ನು ತಾವೇ ಮುಂದೆ ನಿಂತು ಕಟ್ಟಿಸಿದವರ ಹಾಗೆ ಹೇಳಿದರು. ಲಿಫ್ಟ್ ಇರುವುದು ನಿಜ, ಹತ್ತು ಸಾವಿರ ಟನ್ನೂ ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಭಾವನೊಬ್ಬರೇ ಅಲ್ಲ, ಬಂದವರೆಲ್ಲ ನೀರು ಕೇಳುತ್ತಾರೆ. ರೆಸಿನ್ ಎಂಬ, ನೀರಿನಂತೆ ಕಂಡು ಗಟ್ಟಿಯಾಗುವ ಅಂಟು ಸುರಿದು, ಮೇಲೆ ಬಿಳಿ ನೊರೆ ಬಳಿದು, ಸಮುದ್ರ ಮಾಡಿಕೊಡುತ್ತೇನೆಂದು ಮುಂದೆ ಬಂದವರೂ ಇದ್ದಾರೆ. ಈ ರೆಸಿನ್ ಸಮುದ್ರಗಳನ್ನು ಕಂಡರೆ ನನಗಾಗುವುದಿಲ್ಲ. ಅರ್ಧ ಹಡಗನ್ನು ಮುಚ್ಚಿಹಾಕಿ, ಅಲೆ ಎಷ್ಟು ಸಹಜವಾಗಿದೆ ನೋಡಿ ಎನ್ನುವುದು ಯಾವ ನ್ಯಾಯ? ವಿಶಾಖಪಟ್ಟಣದ ಕಡಲ ದಡದಲ್ಲಿ ಐಎನ್‌ಎಸ್ ಕುರ್ಸುರಾ ಇದೆಯಲ್ಲ, 2001ರಲ್ಲಿ ನಿವೃತ್ತಿಯಾಗಿ ಮರುವರ್ಷವೇ ಮ್ಯೂಸಿಯಂ ಆದ ಸಬ್‌ಮರೀನ್, ಅಲ್ಲಿಯೂ ಜನ ಒಳಗೆ ಹೋಗಲು ಸಾಲುಗಟ್ಟುತ್ತಾರೆ. ಪೆರಿಸ್ಕೋಪಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ಇಳಿದುಹೋಗುತ್ತಾರೆ. ಹಿಂಭಾಗದಲ್ಲಿ ಮೂರು ಪ್ರೊಪೆಲ್ಲರ್‌ಗಳಿವೆ ಎಂದು ಎಷ್ಟು ಜನ ನೋಡಿದ್ದಾರೋ! ನೀರಿಲ್ಲದ ಹಡಗೇ ನನಗೆ ಯಾಕೆ ಇಷ್ಟ ಎಂದು ಹೇಳಲಿಕ್ಕೇ ಇದನ್ನು ಬರೆಯಲು ಕೂತದ್ದು. ಹೇಳುತ್ತೇನೆ, ಮೊದಲು ಪೊರಕೆಯ ವಿಷಯ ಮುಗಿಯಲಿ.

ಮನೆಯಲ್ಲಿ ತೆಂಗಿನ ಪೊರಕೆ ದಿನೇದಿನೇ ಬಡವಾಗುತ್ತಿದೆ ಎಂಬ ದೂರಿದೆ. ನನ್ನ ಡಾಕಿನಲ್ಲಿ ಕೂತಿರುವುದೂ ಕುರ್ಸುರಾವೇ. ಅದರ ಉದ್ದ 91 ಮೀಟರ್; 350ರಲ್ಲಿ ಒಂದಂಶಕ್ಕೆ ಇಳಿಸಿದರೆ 26 ಸೆಂಟಿಮೀಟರ್. ಅದೇ ಲೆಕ್ಕದಲ್ಲಿ ಒಂದು ಮಿಲಿಮೀಟರ್ ದಪ್ಪದ ಪೊರಕೆಕಡ್ಡಿ ಎಂದರೆ 35 ಸೆಂಟಿಮೀಟರಿನ ತೊಲೆ. ಹಳೇ ಕಾಲದ ಕಲ್ಲಿನ ಡಾಕ್‌ಗಳಲ್ಲಿ ಹಡಗಿನ ಪಕ್ಕೆಗೂ ಗೋಡೆಯ ಮೆಟ್ಟಿಲಿಗೂ ನಡುವೆ ಅಡ್ಡಲಾಗಿ ಕೊಡುತ್ತಿದ್ದ ಆಸರೆಗೆ ಸರಿಯಾದ ದಪ್ಪ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಡ್ಡಿಗೆ ಈ ನಾರೂ ಇಲ್ಲ, ಈ ಬಣ್ಣವೂ ಇಲ್ಲ. ಗೋಡೆ ಸನ್‌ಬೋರ್ಡ್ ಎಂಬ ಹಗುರ ಹಲಗೆಯದು, ಅದರ ಮೇಲೆ ಚಹಾದ ಡಿಕಾಕ್ಷನ್. ಕೆಳಗಿನ ಮೆಟ್ಟಿಲಿಗೆ ಪಾಚಿಯ ಹಸಿರು, ನಡುವಿನವಕ್ಕೆ ಕಪ್ಪು, ಮೇಲೆ ಉಪ್ಪು ಒಣಗಿದ ಬಿಳಿ. ಸೀಮೆಸುಣ್ಣವನ್ನು ಅರೆದು ಬೆರಳಿನಿಂದ ತಿಕ್ಕಬೇಕು. ಕುಂಚಕ್ಕೆ ಬಗ್ಗುವ ಕೆಲಸವಲ್ಲ.

ತಳದಲ್ಲಿ ಸಾಲಾಗಿ ಕೀಲ್ ಬ್ಲಾಕುಗಳು, ಅಂದರೆ ಹಡಗಿನ ತಳವನ್ನು ಹೊರುವ ದಿಮ್ಮಿಗಳು, ಐಸ್‌ಕ್ರೀಮ್ ಕಡ್ಡಿ ಕತ್ತರಿಸಿ ಮಾಡಿದ್ದು. ಇವನ್ನು ಮನಸ್ಸಿಗೆ ಬಂದ ಹಾಗೆ ಇಡುವಂತಿಲ್ಲ. ನೀರು ತುಂಬಿರುವಾಗ ಬ್ಲಾಕು ಕಾಣುವುದಿಲ್ಲ. ನೀರು ಇಳಿದಂತೆ ಹಡಗು ಅವುಗಳ ಮೇಲೆಯೇ ಬಂದು ಕೂರಬೇಕು. ಅದಕ್ಕೆಂದೇ ಪ್ರತಿ ಹಡಗಿಗೂ ಬೇರೆ ನಕ್ಷೆ ಇರುತ್ತದೆ. ಡಾಕಿನೊಳಗೆ ಬಂದ ಮೇಲೆ ಹಡಗಿಗೆ ಇನ್ನೇನು ಭಯ ಎನ್ನುವವರಿಗೆ 2016ರ ಡಿಸೆಂಬರ್ ನೆನಪಿಸಬೇಕಾಗುತ್ತದೆ. ಮುಂಬೈಯಲ್ಲಿ ಐಎನ್‌ಎಸ್ ಬೇತ್ವಾ ಡಾಕಿನಿಂದ ಹೊರಡುವ ಹೊತ್ತಿಗೆ ಮಗ್ಗುಲಿಗೆ ಉರುಳಿತು, ಇಬ್ಬರು ನಾವಿಕರು ಸತ್ತರು.

ಆ ನಕ್ಷೆ ನನಗೆಲ್ಲೂ ಸಿಗಲಿಲ್ಲ. ಆದರೆ ನಕ್ಷೆ ಇಲ್ಲದೆ ಒದ್ದಾಡಿದವರು ನನಗಿಂತ ದೊಡ್ಡವರಿದ್ದಾರೆ. 1812ರಲ್ಲಿ ಬ್ರಿಟಿಷರು ಮುಂಬೈಯಲ್ಲಿ ಹಡಗು ಕಟ್ಟುತ್ತಿದ್ದ ವಾಡಿಯಾ ಮನೆತನದವರಿಗೆ ಯುದ್ಧನೌಕೆ ಕಟ್ಟಲು ಹೇಳಿ, ನಕ್ಷೆಗಳನ್ನು ಜಾವಾ ಎಂಬ ಹಡಗಿನಲ್ಲಿ ಕಳಿಸಿದರು. ಮುಂಬೈಗೆ ಗವರ್ನರ್ ಆಗಿ ಹೊರಟ ಜನರಲ್ ಹಿಸ್ಲಾಪರೂ ಅದರಲ್ಲೇ ಇದ್ದರು. ಡಿಸೆಂಬರ್ 29ರಂದು ಬ್ರೆಜಿಲ್ ಕಡೆಯ ಕಡಲಲ್ಲಿ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಎದುರಾಯಿತು. ಜಾವಾ ಎಷ್ಟು ಜರ್ಝರಿತವಾಯಿತೆಂದರೆ ಎಳೆದುಕೊಂಡು ಹೋಗಲೂ ಲಾಯಕ್ಕಿಲ್ಲವೆಂದು ಅಮೆರಿಕನ್ನರು ಬೆಂಕಿ ಹಚ್ಚಿದರು. ಹಚ್ಚುವ ಮೊದಲು ಅದರ ಚುಕ್ಕಾಣಿ ಚಕ್ರವನ್ನು ಕಿತ್ತು ತಮ್ಮ ಹಡಗಿಗೆ ಹಾಕಿಕೊಂಡರು, ಇವರದ್ದು ಗುಂಡೇಟಿಗೆ ಹಾರಿಹೋಗಿತ್ತು. ಗವರ್ನರ್ ಬದುಕಿದರು, ಚಕ್ರ ಬದುಕಿತು, ನಕ್ಷೆ ಹೋಯಿತು.

ಇತ್ತ ಮುಂಬೈಯಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಏನು ಮಾಡಬೇಕು? ವೆಲ್ಲೆಸ್ಲಿ ಎಂಬ 74 ತೋಪಿನ ಹಡಗನ್ನು, ತಾವು ಆಗಲೇ ಕಟ್ಟಿದ್ದ ಕಾರ್ನ್‌ವಾಲಿಸ್‌ನ ಅಳತೆಯಲ್ಲೇ ತೇಗದಲ್ಲಿ ಕಟ್ಟಿ 1815ರಲ್ಲಿ ನೀರಿಗಿಳಿಸಿದರು. ಹೀಗೆ ಅಣ್ಣನ ಅಂಗಿ ತೊಟ್ಟು ಹುಟ್ಟಿದ ಆ ಹಡಗು ಮುಳುಗಿದ್ದು ಯಾವಾಗ ಗೊತ್ತೇ? 1940ರಲ್ಲಿ. ಅದೂ ಥೇಮ್ಸ್ ನದಿಯಲ್ಲಿ, ಜರ್ಮನ್ ವಿಮಾನ ಹಾಕಿದ ಬಾಂಬಿಗೆ! ಒಂದೇಕಾಲು ಶತಮಾನ ತಾಳಿದ ಮರವನ್ನು ಸುಮ್ಮನೆ ಬಿಡುತ್ತಾರೆಯೇ, ಮೇಲಕ್ಕೆತ್ತಿದ ಮೇಲೆ ಒಂದಷ್ಟನ್ನು ಲಂಡನ್ನಿನ ಕೋರ್ಟು ಕಟ್ಟಡದ ರಿಪೇರಿಗೆ ಬಳಸಿಕೊಂಡರು. ಅದೇ ಜಾವಾದಲ್ಲಿ ನಕ್ಷೆ ಕಳೆದುಕೊಂಡ ಇನ್ನೊಂದು ಹಡಗು ಟ್ರಿಂಕಮಲಿ. ಅದಕ್ಕೆ ಎರಡನೇ ಪ್ರತಿ ಬಂತು, 1817ರಲ್ಲಿ ಮುಂಬೈಯಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಹಳೆಯದೊಂದು ಡಾಕಿನಲ್ಲಿ ತೇಲುತ್ತ ನಿಂತಿದೆ. ಹೌದು, ಆ ಡಾಕಿಗೆ ನೀರು ಬಿಟ್ಟಿದ್ದಾರೆ. ದಯವಿಟ್ಟು ಭಾವನಿಗೆ ಯಾರೂ ಹೇಳಬೇಡಿ.

ಇದನ್ನೆಲ್ಲ ಓದಿಕೊಂಡು ಕೂತದ್ದರಿಂದ ಪ್ರೊಪೆಲ್ಲರ್ ಕೆಲಸ ಹಿಂದೆ ಬಿತ್ತು. ಹೊಸ ಕಂಚಿನ ಹೊಳಪು ಕೊಡಬೇಕೋ, ಕಡಲಲ್ಲಿದ್ದು ಬಂದ ಮಂಕು ಕೊಡಬೇಕೋ ಎಂದು ಇನ್ನೂ ತೀರ್ಮಾನವಾಗಿಲ್ಲ. ಹಿಂಬದಿಯ ನಾಲ್ಕು ಟಾರ್ಪೆಡೊ ಕೊಳವೆಗಳ ಮುಚ್ಚಳಗಳನ್ನು ಭೂತಗನ್ನಡಿ ಹಿಡಿದು ಗೀರಿದ್ದೇನೆ. ಅವನ್ನು ತೋರಿಸಿದರೆ ಜನ "ಓಹೋ" ಎನ್ನುತ್ತಾರೆ, ಮದುವೆ ಆಲ್ಬಮ್ ತಿರುವಿಹಾಕುವಾಗ ಅನ್ನುವ "ಓಹೋ".

ಅಳತೆ ತಿಳಿಯಲೆಂದು ಐದು ಮಿಲಿಮೀಟರ್ ಎತ್ತರದ ಕೆಲಸಗಾರರನ್ನೂ ನಿಲ್ಲಿಸಿದ್ದೇನೆ. ಒಬ್ಬ ತುಕ್ಕು ಕೆರೆಯುತ್ತಾನೆ, ಒಬ್ಬ ಬಣ್ಣ ಬಳಿಯುತ್ತಾನೆ, ಇಬ್ಬರು ತೊಲೆ ಹೊತ್ತಿದ್ದಾರೆ. ಕಾಲು ಮುರಿದು ನಿಲ್ಲಲಾರದ ಒಬ್ಬನನ್ನು ಎಸೆಯಲು ಮನಸ್ಸಾಗದೆ ಮೂಲೆಯ ಮೆಟ್ಟಿಲ ಮೇಲೆ ಅಡ್ಡ ಮಲಗಿಸಿದ್ದೆ. ಪಾಚಿಯಿಲ್ಲ, ತೊಲೆಯಿಲ್ಲ, ಮುಚ್ಚಳವಿಲ್ಲ, ಬಂದವರೆಲ್ಲ ಬಾಗಿ ನೋಡುವುದು ಅವನೊಬ್ಬನನ್ನೇ. "ನೋಡ್ರೀ, ಇವ್ನು ಆರಾಮಾಗಿ ನಿದ್ದೆ ಹೊಡೀತಿದಾನೆ, ಇದು ಮಾತ್ರ ಸೂಪರ್" ಎನ್ನುತ್ತಾರೆ.